ಮನೆಯ ವೆಚ್ಚ, ಸರ್ಕಾರದ ವೆಚ್ಚ: ಅನುಭೋಗದ ಲೆಕ್ಕಕ್ಕೊಂದು ಚರಿತ್ರೆ

ಅರ್ಥಶಾಸ್ತ್ರದ ಕನ್ನಡ ಪಠ್ಯಗಳಲ್ಲಿ ‘ಅನುಭೋಗ’ವೆಂಬ ಪಾರಿಭಾಷಿಕ ಪದವೊಂದುಂಟು. ವಸ್ತುವನ್ನು ಮಾರುವುದಕ್ಕಾಗಲಿ, ಅದರಿಂದ ಇನ್ನೊಂದು ವಸ್ತುವನ್ನು ಮಾಡುವುದಕ್ಕಾಗಲಿ ಅಲ್ಲದೆ, ಸ್ವಂತದ ಅಗತ್ಯವನ್ನು ತೀರಿಸಿಕೊಳ್ಳುವುದಕ್ಕಾಗಿ ಬಳಸಿದರೆ ಅದು ಅನುಭೋಗ. ಮಂಡಿಯ ವರ್ತಕನು ಕೊಂಡ ರಾಗಿಯ ಮೂಟೆ ಅನುಭೋಗವಲ್ಲ. ಅದು ಅವನ ಸರಕು. ಅದೇ ರಾಗಿ ಹಿಟ್ಟಾಗಿ, ಮುದ್ದೆಯಾಗಿ ಒಂದು ಮನೆಯ ಗಂಗಳಕ್ಕೆ ಬಂದಾಗ ರಾಷ್ಟ್ರದ ಲೆಕ್ಕದಲ್ಲಿ ಅದು ‘ಅಂತಿಮ ಅನುಭೋಗ’ವೆನಿಸುತ್ತದೆ. ಮನೆಗಳು ಹೀಗೆ ಮಾಡುವ ವೆಚ್ಚವೆಲ್ಲ ಕೂಡಿ ಖಾಸಗಿ ಅಂತಿಮ ಅನುಭೋಗ ವೆಚ್ಚ. ಶಾಲೆ, ಆಸ್ಪತ್ರೆ, ಪೊಲೀಸು, ಸೈನ್ಯ, ಕಚೇರಿಗಳನ್ನು ನಡೆಸಲು ಸರ್ಕಾರ ಮಾಡುವ ವೆಚ್ಚ ಸರ್ಕಾರಿ ಅಂತಿಮ ಅನುಭೋಗ ವೆಚ್ಚ. ಒಂದು ದೇಶದ ವಾರ್ಷಿಕ ಉತ್ಪನ್ನದ ಬಹುಭಾಗವು ಈ ಎರಡು ಬಾಬುಗಳಲ್ಲಿಯೇ ತೀರಿಹೋಗುತ್ತದೆ. ಉಳಿದದ್ದು ಮುಖ್ಯವಾಗಿ ಬಂಡವಾಳವಾಗಿ ನಿಲ್ಲುತ್ತದೆ.

ಪಠ್ಯಕಾರರು ಆರಿಸಿದ ಈ ಪದದ ಹಿಂದೆ ಜೈನ ಶ್ರಾವಕರಿಗೆ ಸುಪರಿಚಿತವಾದ ಒಂದು ವಿಚಾರವಿದೆ. ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗ, ಉಪಭೋಗಗಳೆಂದು ಎರಡು ಬಗೆಯನ್ನು ಹೇಳಿದ್ದಾರೆ. ಅನ್ನದಂತೆ ಒಮ್ಮೆ ಬಳಸಿದೊಡನೆ ಮುಗಿದುಹೋಗುವುದು ಭೋಗ. ವಸ್ತ್ರದಂತೆ ಮತ್ತೆ ಮತ್ತೆ ಬಳಕೆಗೆ ಬರುವುದು ಉಪಭೋಗ. ಇಂದಿನ ರಾಷ್ಟ್ರೀಯ ಲೆಕ್ಕಗಳು ಮನೆಯ ವೆಚ್ಚವನ್ನು ಬಾಳಿಕೆಯಿಲ್ಲದ ವಸ್ತುಗಳು, ಬಾಳಿಕೆಯ ವಸ್ತುಗಳು ಎಂದು ವಿಂಗಡಿಸುವಾಗ ಬಹುಮಟ್ಟಿಗೆ ಇದೇ ಗೆರೆಯನ್ನು ಎಳೆಯುತ್ತವೆ. ಸೇವೆಗಳೆಂಬ ಇನ್ನೊಂದು ವರ್ಗವನ್ನು ಅವು ಸೇರಿಸಿಕೊಂಡಿವೆ, ಅಷ್ಟೆ. ಆದರೆ ಉದ್ದೇಶ ಬೇರೆ. ಆಚಾರ್ಯರು ವಿಂಗಡಿಸಿದ್ದು ಯಾವುದಕ್ಕೆ ಎಷ್ಟು ಕಾಲದ ಪರಿಮಾಣವನ್ನು ಹಾಕಿಕೊಳ್ಳಬೇಕೆಂದು ತಿಳಿಸಲು. ಸಂಖ್ಯಾಶಾಸ್ತ್ರಜ್ಞರು ವಿಂಗಡಿಸುವುದು ಎಷ್ಟು ಬಳಕೆಯಾಯಿತೆಂದು ಎಣಿಸಲು. ಎಣಿಕೆಯು ಮಿತಿಯನ್ನು ಹೇಳುವುದಿಲ್ಲ. ಆದರೂ ಎಣಿಕೆಯ ಚರಿತ್ರೆಯನ್ನು ಓದಿದವರಿಗೆ ಮಿತಿಯ ಪ್ರಶ್ನೆ ಎಲ್ಲೆಲ್ಲಿ ಅಡಗಿದೆಯೆಂಬುದು ತಿಳಿಯುತ್ತದೆ.

ಕರ್ನಾಟಕದ ಬಸದಿಗಳಿಗೆ ದತ್ತಿ ಬಿಟ್ಟ ಶಾಸನಗಳನ್ನು ನೋಡಿದವರು ಒಂದು ಮಾತನ್ನು ಮತ್ತೆ ಮತ್ತೆ ಕಂಡಿರುತ್ತಾರೆ. ಭೂಮಿಯ ಹುಟ್ಟುವಳಿಯು ದೇವರ ಅಷ್ಟವಿಧಾರ್ಚನೆಗೆ, ಋಷಿಯರ ಆಹಾರದಾನಕ್ಕೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಸಲ್ಲತಕ್ಕದ್ದೆಂದು ಅವು ವಿಧಿಸುತ್ತವೆ. ಇದನ್ನು ಕೇವಲ ಭಕ್ತಿಯ ರೂಢಿಮಾತೆಂದು ಬಿಟ್ಟುಬಿಡಲಾಗದು. ಇದೊಂದು ಲೆಕ್ಕದ ಕಟ್ಟಳೆ. ಆಹಾರವು ಅಂದಂದಿನ ಅನುಭೋಗ. ಒಡೆದ ಗೋಡೆ, ಬಿರಿದ ಶಿಲೆಗಳ ದುರಸ್ತಿಯು ಆಸ್ತಿಯ ರಕ್ಷಣೆ. ಮೊದಲನೆಯದು ಎರಡನೆಯದನ್ನು ನುಂಗದಿರಲೆಂದು ದಾನಿಗಳು ಕಲ್ಲಿನಲ್ಲಿಯೇ ಬರೆಸಿದರು. ಭೂಮಿಯನ್ನು ಮಾರಿ ಪೂಜೆ ನಡೆಸಿರೆಂದು ಅವರು ಹೇಳಲಿಲ್ಲ. ಭೂಮಿ ಉಳಿಯಬೇಕು, ಅದರ ಫಲ ಮಾತ್ರ ಬಳಕೆಯಾಗಬೇಕು. ಅಸಲು, ಬಡ್ಡಿ ಎಂಬ ವರ್ತಕರ ವಿವೇಕವೇ ಇದು.

ಅರಸನ ಬೊಕ್ಕಸಕ್ಕೂ ಊರಿನ ಕಣಕ್ಕೂ ಇದ್ದ ಸಂಬಂಧವನ್ನು ತಿಳಿಯಲು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಸಕೋಟೆ ತಾಲ್ಲೂಕಿನ ನಂದಗುಡಿಯಂಥ ಊರೊಂದನ್ನು ಕಣ್ಣಮುಂದೆ ಇರಿಸಿಕೊಳ್ಳುವುದು ಉಪಯುಕ್ತ. ಹೊಸಕೋಟೆಯಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿರುವ ಈ ಹೋಬಳಿ ಕೇಂದ್ರದ ಹೆಸರನ್ನು ನವನಂದರೊಡನೆ ಕೂಡಿಸುವ ಐತಿಹ್ಯವುಂಟು. ಅದನ್ನು ಚರಿತ್ರೆಯೆಂದು ಹೇಳುವಂತಿಲ್ಲ. ಚರಿತ್ರೆಯೆಂದು ಹೇಳಬಹುದಾದದ್ದು ಈ ಸೀಮೆಯ ರಾಗಿಯ ಕಣದ ಕಥೆ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಕಣದಲ್ಲಿ ರಾಶಿ ಮಾಡಿದ ಧಾನ್ಯವನ್ನು ಸರ್ಕಾರವೂ ರೈತನೂ ಹಂಚಿಕೊಳ್ಳುವುದಕ್ಕೆ ಮುನ್ನ ಊರಿನ ಆಯಗಾರರಿಗೆ ಅವರವರ ಪಾಲನ್ನು ಅಳೆದುಕೊಡುತ್ತಿದ್ದ ಪದ್ಧತಿಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಕಮ್ಮಾರ, ಬಡಗಿ, ಅಗಸ, ಕುಂಬಾರರೊಡನೆ ಕಾವಲಿನ ತಳವಾರ, ಊಳಿಗದ ತೋಟಿ, ಕೆರೆಯ ತೂಬನ್ನು ನೋಡಿಕೊಳ್ಳುವ ನೀರಗಂಟಿ ಇವರಿಗೂ ರಾಶಿಯಿಂದ ಪಾಲು ಸಲ್ಲುತ್ತಿತ್ತು. ಕಮ್ಮಾರನಿಗೆ ಕೊಟ್ಟದ್ದು ಮನೆಯ ವೆಚ್ಚ. ತಳವಾರನಿಗೂ ನೀರಗಂಟಿಗೂ ಕೊಟ್ಟದ್ದು ಇಂದಿನ ಪರಿಭಾಷೆಯಲ್ಲಿ ಸರ್ಕಾರಿ ಅನುಭೋಗ ವೆಚ್ಚ, ಅಂದರೆ ಎಲ್ಲರ ಕ್ಷೇಮಕ್ಕಾಗಿ ದುಡಿಯುವವರ ಸಂಬಳ. ವ್ಯತ್ಯಾಸವಿಷ್ಟೆ: ಆ ಸಂಬಳವು ರಾಜಧಾನಿಯ ಖಜಾನೆಗೆ ಹೋಗಿ ಹಿಂದಿರುಗುತ್ತಿರಲಿಲ್ಲ, ಕಣದಲ್ಲಿಯೇ, ಎಲ್ಲರ ಕಣ್ಣೆದುರಿನಲ್ಲಿಯೇ ತೀರುವಳಿಯಾಗುತ್ತಿತ್ತು. ಈ ಪದ್ಧತಿಯಲ್ಲಿ ಜಾತಿಯ ಬಂಧನವೂ ಅನ್ಯಾಯವೂ ಧಾರಾಳವಾಗಿದ್ದುವೆಂಬುದನ್ನು ಮರೆಯಬಾರದು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಗೊಳಿಸುವ ಶಾಸನವು 1961ರಲ್ಲಿ ಆಯಿತು. 1963ರಲ್ಲಿ ಜಾರಿಗೆ ಬಂದಿತು.

ಮನೆಯ ಕಣಜವೂ ಸರ್ಕಾರದ ಬೊಕ್ಕಸವೂ ಒಮ್ಮೆಗೇ ಬರಿದಾದರೆ ಏನಾಗುವುದೆಂಬುದನ್ನು ಮೈಸೂರು ಸಂಸ್ಥಾನವು 1876ರಿಂದ 1878ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರಗಾಲದಲ್ಲಿ ಕಂಡಿತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಈ ಅಂಕಿಗಳ ನಡುವಿನ ಅಂತರದಲ್ಲಿ ಎಷ್ಟು ಮನೆಗಳ ಒಲೆ ಆರಿತೆಂಬುದನ್ನು ಊಹಿಸಿಕೊಳ್ಳಬಹುದು. 1881ರ ಮಾರ್ಚ್ 25ರಂದು ಒಡೆಯರ ವಂಶಕ್ಕೆ ರಾಜ್ಯವು ಮರಳಿದಾಗ ದಿವಾನ್ ರಂಗಾಚಾರ್ಲು ಅವರ ಕೈಗೆ ಬಂದದ್ದು 80 ಲಕ್ಷ ರೂಪಾಯಿಗಳ ಸಾಲ. ವಾರ್ಷಿಕ ಆದಾಯವಾದರೋ ಸುಮಾರು ಒಂದು ಕೋಟಿ. ಅದರಲ್ಲಿಯೂ ಕಾಲುಭಾಗದಷ್ಟು, ಎಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ, 1799ರ ಒಪ್ಪಂದದಂತೆ ಬ್ರಿಟಿಷರಿಗೆ ಪೊಗದಿಯಾಗಿ ಸಲ್ಲಬೇಕಾಗಿತ್ತು. 1881ರ ಹಸ್ತಾಂತರ ಪತ್ರವು ಈ ಮೊತ್ತವನ್ನು 35 ಲಕ್ಷಕ್ಕೆ ಏರಿಸಿತು. ಬರದ ದೆಸೆಯಿಂದ ಆ ಏರಿಕೆಯನ್ನು 1896ರವರೆಗೆ ಮುಂದೂಡಲಾಯಿತು. ಹೆಚ್ಚಿಸಿದ ಹತ್ತೂವರೆ ಲಕ್ಷವು ಮನ್ನಾ ಆದದ್ದು 1928ರಲ್ಲಿ.

ಪೊಗದಿಯನ್ನು ಅನುಭೋಗದ ಯಾವ ಬಾಬಿಗೆ ಸೇರಿಸಬೇಕು? ಮೈಸೂರಿನ ರೈತನು ಕಂದಾಯ ಕೊಟ್ಟನು. ಆದುದರಿಂದ ಅವನ ಮನೆಯ ವೆಚ್ಚ ಅಷ್ಟು ಕಡಿಮೆಯಾಯಿತು. ಸರ್ಕಾರ ಆ ಹಣವನ್ನು ಪಡೆಯಿತು. ಆದರೆ ಅದರಿಂದ ಶಾಲೆಯೂ ನಡೆಯಲಿಲ್ಲ, ವೈದ್ಯನೂ ಬರಲಿಲ್ಲ. ಎರಡು ಖಾತೆಗಳಿಂದಲೂ ಇಲ್ಲವಾಗಿ ಅದು ಸಂಸ್ಥಾನದ ಗಡಿಯನ್ನು ದಾಟಿಹೋಯಿತು. ದಾದಾಭಾಯಿ ನವರೋಜಿಯವರು ಇಡೀ ದೇಶದ ವಿಷಯದಲ್ಲಿ ‘ಸೋರಿಕೆ’ ಎಂದು ಕರೆದದ್ದರ ಮೈಸೂರಿನ ರೂಪವಿದು. ಗಣಿತದ ಪ್ರಾಧ್ಯಾಪಕರಾಗಿದ್ದು ವ್ಯಾಪಾರವನ್ನೂ ನಡೆಸಿದ ನವರೋಜಿಯವರು 1867-70ರ ಸುಮಾರಿನ ಬ್ರಿಟಿಷ್ ಭಾರತದ ತಲಾ ಆದಾಯವನ್ನು ವರ್ಷಕ್ಕೆ 20 ರೂಪಾಯಿಗಳೆಂದು ಅಂದಾಜು ಮಾಡಿದರು. ಬಳಿಕ ಸೆರೆಮನೆಗಳಲ್ಲಿ ಕೈದಿಗಳ ಅನ್ನಬಟ್ಟೆಗೆ ಸರ್ಕಾರವೇ ಮಾಡುತ್ತಿದ್ದ ವೆಚ್ಚದೊಡನೆ ಅದನ್ನು ತೂಗಿ, ಸ್ವತಂತ್ರನಾದ ರೈತನಿಗೆ ಕೈದಿಯ ಪಡಿಯಷ್ಟೂ ದೊರೆಯದೆಂದು ತೋರಿಸಿದರು. ಮನೆಯ ಅನುಭೋಗವನ್ನೂ ಸರ್ಕಾರದ ಅನುಭೋಗವನ್ನೂ ಒಂದೇ ತಕ್ಕಡಿಯಲ್ಲಿಟ್ಟ ಮೊದಲಿಗರಲ್ಲಿ ಅವರೊಬ್ಬರು. ಆಧುನಿಕ ಲೆಕ್ಕಶಾಸ್ತ್ರವು ಇನ್ನೂ ಹುಟ್ಟಿರದಿದ್ದ ಕಾಲದಲ್ಲಿ ಇದಕ್ಕಿಂತ ತೀಕ್ಷ್ಣವಾದ ಹೋಲಿಕೆಯನ್ನು ಮತ್ತಾರೂ ಮಾಡಿದಂತಿಲ್ಲ.

ಮುಂದೆ ಡಾ. ವಿ.ಕೆ.ಆರ್.ವಿ. ರಾವ್ ಅವರು 1931-32ನೆಯ ಸಾಲಿನ ರಾಷ್ಟ್ರೀಯ ಆದಾಯವನ್ನು ವೈಜ್ಞಾನಿಕ ವಿಧಾನದಲ್ಲಿ ಲೆಕ್ಕಹಾಕಿ 1940ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಬೆಂಗಳೂರಿನಲ್ಲಿ 1972ರಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರೂ ಅವರೇ. ಅವರ ಆ ಗ್ರಂಥವು ಬ್ರಿಟಿಷ್ ಭಾರತಕ್ಕೆ ಮಾತ್ರ ಸಂಬಂಧಿಸಿದ್ದು. ಮೈಸೂರು ಸಂಸ್ಥಾನಕ್ಕೆ ಸೇರಿದ್ದ ನಂದಗುಡಿಯ ಮನೆಗಳು ಅದರ ಎಣಿಕೆಯಲ್ಲಿರಲಿಲ್ಲ. 1949ರಲ್ಲಿ ಪಿ.ಸಿ. ಮಹಾಲನೋಬಿಸ್ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಆದಾಯ ಸಮಿತಿಯು ನೇಮಕಗೊಂಡಿತು, ಡಿ.ಆರ್. ಗಾಡ್ಗೀಳರೂ ರಾವ್ ಅವರೂ ಅದರ ಸದಸ್ಯರು. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯು ಹಳ್ಳಿಗಳ ಮನೆಬಾಗಿಲಿಗೆ ಹೋಗಿ, ಏನು ಉಂಡಿರಿ, ಏನು ಕೊಂಡಿರಿ ಎಂದು ಕೇಳಲಾರಂಭಿಸಿತು. ಸ್ವಂತ ಹೊಲದಲ್ಲಿ ಬೆಳೆದು ಮನೆಯಲ್ಲಿಯೇ ಉಂಡ ರಾಗಿಗೂ ಬೆಲೆ ಕಟ್ಟಿ ಲೆಕ್ಕಕ್ಕೆ ಸೇರಿಸುವ ಪದ್ಧತಿ ಬಂದಿತು. ದುಡ್ಡು ಕೈಬದಲಾಗದ ಅನ್ನವೂ ರಾಷ್ಟ್ರದ ಖಾತೆಗೆ ಸೇರಿದ್ದು ಸಣ್ಣ ಸಂಗತಿಯಲ್ಲ.

ಅದೇ ಕಾಲದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಇನ್ನೊಂದು ವಾದ ನಡೆದಿತ್ತು. ಮಹಾಯುದ್ಧದ ದೆಸೆಯಿಂದ ಸರ್ಕಾರಗಳ ವೆಚ್ಚ ಬೆಳೆದಾಗ, ಅದನ್ನೆಲ್ಲ ರಾಷ್ಟ್ರದ ಉತ್ಪನ್ನವೆಂದು ಕೂಡಿಸಬಹುದೇ ಎಂಬ ಪ್ರಶ್ನೆ ಎದ್ದಿತು. ಅಮೆರಿಕದ ಸೈಮನ್ ಕುಜ್ನೆಟ್ಸ್ ಅವರು ಜನರ ಕ್ಷೇಮವನ್ನು ಹೆಚ್ಚಿಸದ ಶಸ್ತ್ರಾಸ್ತ್ರಗಳಂಥ ವೆಚ್ಚವನ್ನು ಕೂಡಿಸಬಾರದೆಂಬ ಕಡೆಗೆ ವಾಲಿದರು. ಅವರ ಮಾತು ನಿಲ್ಲಲಿಲ್ಲ. ಇಂಗ್ಲೆಂಡಿನ ರಿಚರ್ಡ್ ಸ್ಟೋನ್ ಮೊದಲಾದವರು ರೂಪಿಸಿ, 1953ರಲ್ಲಿ ವಿಶ್ವಸಂಸ್ಥೆಯು ಪ್ರಕಟಿಸಿದ ಲೆಕ್ಕಪದ್ಧತಿಯಲ್ಲಿ ಸೈನಿಕನ ಸಂಬಳವೂ ಶಿಕ್ಷಕನ ಸಂಬಳವೂ ಒಂದೇ ಶೀರ್ಷಿಕೆಯಡಿ ಕುಳಿತವು. ಹಿಂಸೆ ಅಹಿಂಸೆಗಳ ವಿವೇಚನೆಯನ್ನು ಲೆಕ್ಕಪುಸ್ತಕದಿಂದ ಹೊರಗಿರಿಸಿದ್ದು ಹೀಗೆ. ಅನುಕೂಲಕ್ಕಾಗಿ ಮಾಡಿದ ಈ ತೀರ್ಮಾನವನ್ನು ಇಂದು ಸ್ವಭಾವಸಿದ್ಧವೆಂಬಂತೆ ಎಲ್ಲರೂ ಒಪ್ಪಿಕೊಂಡಿರುವುದು ವಿಚಾರಾರ್ಹ.

ಸ್ವಾತಂತ್ರ್ಯಾನಂತರದ ಮೊತ್ತಗಳನ್ನು ಸ್ಥೂಲವಾಗಿ ನೋಡಬಹುದು. 1950ರ ದಶಕದ ಆರಂಭದಲ್ಲಿ ರಾಷ್ಟ್ರದ ಒಟ್ಟು ಉತ್ಪನ್ನದಲ್ಲಿ ನೂರಕ್ಕೆ 85ರಿಂದ 90ರಷ್ಟು ಮನೆಗಳ ಅನುಭೋಗಕ್ಕೇ ಹೋಗುತ್ತಿತ್ತು. ಸರ್ಕಾರದ ಪಾಲು ನೂರಕ್ಕೆ 6ರ ಆಸುಪಾಸು. ಹೊಟ್ಟೆ ತುಂಬುವುದರಲ್ಲಿಯೇ ಎಲ್ಲವೂ ತೀರಿಹೋಗುತ್ತಿದ್ದ ಬಡ ದೇಶದ ಲಕ್ಷಣವದು. 1962ರ ಚೀನಾ ಯುದ್ಧದ ತರುವಾಯ ರಕ್ಷಣಾ ವೆಚ್ಚದೊಡನೆ ಸರ್ಕಾರದ ಪಾಲು ಏರಿತು. ಐದನೆಯ ವೇತನ ಆಯೋಗದ ಶಿಫಾರಸುಗಳು 1997ರಲ್ಲಿ ಜಾರಿಯಾದ ಮೇಲೆ ಅದು ನೂರಕ್ಕೆ 12ರ ಸಮೀಪಕ್ಕೆ ಬಂದಿತು. 2011-12ನ್ನು ಆಧಾರವರ್ಷವಾಗಿಸಿಕೊಂಡ ಸರಣಿಯಲ್ಲಿ ಮನೆಗಳ ಪಾಲು ನೂರಕ್ಕೆ ಸುಮಾರು 56ರಿಂದ 61ರ ನಡುವೆಯೂ ಸರ್ಕಾರದ ಪಾಲು 10-11ರ ಆಸುಪಾಸಿನಲ್ಲಿಯೂ ಕಾಣುತ್ತವೆ. ಹೋಲಿಕೆಗೆಂದು ನೋಡಿದರೆ ಅಮೆರಿಕದಲ್ಲಿ ಮನೆಗಳ ಪಾಲು ಮೂರರಲ್ಲಿ ಎರಡು ಭಾಗವನ್ನು ಮೀರಿದೆ. ಚೀನಾದಲ್ಲಿ ನೂರಕ್ಕೆ 40ನ್ನೂ ಮುಟ್ಟುವುದಿಲ್ಲ. ಪಾಲು ಇಳಿದ ಮಾತ್ರಕ್ಕೆ ಮನೆಗಳು ಬಡವಾದುವೆಂದು ಭಾವಿಸಬಾರದು. ಒಟ್ಟು ರಾಶಿಯೇ ಬಹುಪಾಲು ದೊಡ್ಡದಾಗಿದೆ, ಅದರಲ್ಲಿ ಬಂಡವಾಳಕ್ಕೆ ಉಳಿಯುವ ಭಾಗವು ಹಿಗ್ಗಿದೆ.

ಸರ್ಕಾರದ ಸೇವೆಗೆ ಮಾರುಕಟ್ಟೆಯ ಬೆಲೆಯಿಲ್ಲ. ಆದುದರಿಂದ ಅದನ್ನು ಒದಗಿಸಲು ತಗುಲಿದ ವೆಚ್ಚವನ್ನೇ ಅದರ ಮೌಲ್ಯವೆಂದು ಸ್ವೀಕರಿಸುವುದು ರೂಢಿ. ಶಿಕ್ಷಕರ ಸಂಬಳ ಏರಿದ ವರ್ಷ ಶಿಕ್ಷಣದ ಮೌಲ್ಯವೂ ಚಾಲ್ತಿ ಬೆಲೆಯ ಲೆಕ್ಕದಲ್ಲಿ ಏರುತ್ತದೆ, ಮಕ್ಕಳು ಒಂದಕ್ಷರ ಹೆಚ್ಚು ಕಲಿಯದಿದ್ದರೂ. ಇನ್ನೂ ವಿಚಿತ್ರವೆಂದರೆ, ನಂದಗುಡಿಯ ಸರ್ಕಾರಿ ಶಾಲೆಯಲ್ಲಿ ಓದುವ ಬಾಲಕನನ್ನು ತಂದೆತಾಯಿಗಳು ಶುಲ್ಕ ಕೊಟ್ಟು ಹೊಸಕೋಟೆಯ ಖಾಸಗಿ ಶಾಲೆಗೆ ಸೇರಿಸಿದರೆ, ಅವನ ವಿದ್ಯೆಯ ವೆಚ್ಚವು ಸರ್ಕಾರದ ಬಾಬಿನಿಂದ ಮನೆಯ ಬಾಬಿಗೆ ಜಾರುತ್ತದೆ. ಔಷಧದ ಮಾತೂ ಹೀಗೆಯೇ. ದೇಶದ ಉತ್ಪನ್ನ ಬೆಳೆಯಿತೆಂಬ ಅಂಕಿಯು ಇದನ್ನು ಗುರುತಿಸದು. ಆದರೆ ಆ ಮನೆಯ ಯಜಮಾನಿಗೆ ಇದು ಚೆನ್ನಾಗಿ ಗೊತ್ತು. ಶಾಸ್ತ್ರದಾನ, ಔಷಧದಾನಗಳನ್ನು ಸಮಾಜದ ಹೊಣೆಯೆಂದು ಎಣಿಸಿದ ಪರಂಪರೆಯವರು ಈ ಜಾರುವಿಕೆಯನ್ನು ಕೇವಲ ಲೆಕ್ಕದ ಬದಲಾವಣೆಯೆಂದು ನೋಡಲಾಗದು. ಬಸದಿಯ ಟ್ರಸ್ಟುಗಳು ನಡೆಸುವ ಅನ್ನದಾನ, ವಿದ್ಯಾರ್ಥಿನಿಲಯಗಳ ವೆಚ್ಚವೂ ಭಾರತದ ಲೆಕ್ಕದಲ್ಲಿ ಮನೆಗಳ ವೆಚ್ಚದೊಡನೆಯೇ ಕೂಡಿಬರುತ್ತಿದ್ದುದು ಟ್ರಸ್ಟಿಗಳಿಗೆ ಕುತೂಹಲಕರವೆನಿಸಬಹುದು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ್ದನ್ನು ಇಂದಿನ ಗಣಕರು ಎಣಿಸಬೇಕಾಗಿ ಬಂದಿದ್ದರೆ ‘ಖಾಸಗಿ ಅನುಭೋಗ’ವೆಂದೇ ಬರೆಯುತ್ತಿದ್ದರೇನೋ!

ಮನೆಗಳ ವೆಚ್ಚದ ಒಳಗಡೆ ಆದ ಬದಲಾವಣೆಯು ಮೊತ್ತಗಳ ಬದಲಾವಣೆಗಿಂತ ಗಾಢವಾದುದು. 1999-2000ರ ಸಮೀಕ್ಷೆಯಲ್ಲಿ ಗ್ರಾಮೀಣ ಭಾರತದ ಮನೆಯೊಂದು ತನ್ನ ವೆಚ್ಚದಲ್ಲಿ ನೂರಕ್ಕೆ 59ರಷ್ಟನ್ನು ಆಹಾರಕ್ಕೂ, ಅದರಲ್ಲಿ 22ರಷ್ಟನ್ನು ಅಕ್ಕಿ, ಗೋಧಿ, ರಾಗಿಗಳಂಥ ಧಾನ್ಯಗಳಿಗೂ ವ್ಯಯಿಸುತ್ತಿತ್ತು. 2022-23ರಲ್ಲಿ ಆಹಾರದ ಪಾಲು 46ಕ್ಕೂ ಧಾನ್ಯದ ಪಾಲು 5ಕ್ಕಿಂತ ಕೆಳಕ್ಕೂ ಇಳಿಯಿತು. ಹಾಲಿನ ಪಾಲು ನೂರಕ್ಕೆ 8ನ್ನು ಮೀರಿತು. ಪಾನೀಯ ಹಾಗೂ ಸಿದ್ಧ ತಿನಿಸುಗಳ ಪಾಲು ಒಂಬತ್ತೂವರೆಗೆ ಏರಿತು. ಹಳ್ಳಿಯ ಮನೆಯು ಧಾನ್ಯಕ್ಕೆ ಮಾಡುವ ವೆಚ್ಚಕ್ಕಿಂತ ಓಡಾಟಕ್ಕೆ ಮಾಡುವ ವೆಚ್ಚ ಹೆಚ್ಚಾಯಿತು. ಸಮೀಕ್ಷೆಯ ಕ್ರಮ ಬದಲಾಗಿರುವುದರಿಂದ ಹಿಂದಿನದಕ್ಕೂ ಇಂದಿನದಕ್ಕೂ ಅಕ್ಷರಶಃ ತಾಳೆ ಹಾಕಬಾರದೆಂಬುದು ನಿಜ. 2017-18ರ ಸಮೀಕ್ಷೆಯ ಫಲಿತಾಂಶವನ್ನು ಸರ್ಕಾರವು ಬಿಡುಗಡೆ ಮಾಡದೆ ಉಳಿದುದರಿಂದ ನಡುವೆ ಹನ್ನೊಂದು ವರ್ಷಗಳ ಕಂದರವೂ ಇದೆ. ಜೊತೆಗೆ ಸಮೀಕ್ಷೆಯಲ್ಲಿ ಮನೆಗಳು ಹೇಳುವ ವೆಚ್ಚದ ಮೊತ್ತವು ರಾಷ್ಟ್ರೀಯ ಲೆಕ್ಕದಲ್ಲಿ ಬರುವ ಮೊತ್ತಕ್ಕಿಂತ ಬಹಳ ಕಡಿಮೆ. ರೋಕಡಿಯೂ ಖಾತೆಯೂ ತಾಳೆಯಾಗದಿದ್ದರೆ ಯಾವ ವರ್ತಕನಿಗೂ ನಿದ್ರೆ ಬಾರದು. ಇಲ್ಲಿ ಆ ವ್ಯತ್ಯಾಸವು ದಶಕಗಳಿಂದ ಹಾಗೆಯೇ ನಡೆದುಬಂದಿದೆ. ಸಿರಿವಂತರು ತಮ್ಮ ವೆಚ್ಚವನ್ನು ಪೂರ್ತಿ ಹೇಳುವುದಿಲ್ಲವೆಂಬುದು ತಜ್ಞರು ಕೊಡುವ ಕಾರಣಗಳಲ್ಲಿ ಒಂದು.

ಧಾನ್ಯದ ವೆಚ್ಚ ಕುಗ್ಗಿದ್ದರಲ್ಲಿ ಪಡಿತರದ ಪಾತ್ರವುಂಟು. ಕರ್ನಾಟಕದಲ್ಲಿ 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯಡಿ 2023ರ ಜುಲೈಯಿಂದ ಕೆಲಕಾಲ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲಿಗೆ ತಲಾ 170 ರೂಪಾಯಿ ನಗದನ್ನು ಖಾತೆಗೆ ಹಾಕಲಾಯಿತು. 2025ರಲ್ಲಿ ಮತ್ತೆ ಅಕ್ಕಿಯನ್ನೇ ಕೊಡತೊಡಗಿದರು. ಪಡೆದ ಕುಟುಂಬಕ್ಕೆ ನೆರವು ಒಂದೇ ಆದರೂ, ನಗದಾದಾಗ ಅದು ಮನೆಯ ಆದಾಯವಾಗಿ, ಮನೆಯವರು ಕೊಂಡ ಯಾವುದೋ ವಸ್ತುವಿನ ವೆಚ್ಚವಾಗಿ ತೋರುತ್ತದೆ. ಅಕ್ಕಿಯಾದಾಗ ಸಮೀಕ್ಷಕರು ಅದಕ್ಕೆ ಬೆಲೆ ಕಟ್ಟಿ ಬೇರೆಯಾಗಿ ಕೂಡಿಸಬೇಕಾಗುತ್ತದೆ. 2022-23ರಲ್ಲಿ ಹಾಗೆ ಕೂಡಿಸಿದಾಗ ಗ್ರಾಮೀಣ ಭಾರತದ ತಲಾ ಮಾಸಿಕ ವೆಚ್ಚವು 3,773 ರೂಪಾಯಿಯಿಂದ 3,860ಕ್ಕೆ ಏರಿತು. ವ್ಯತ್ಯಾಸ 87 ರೂಪಾಯಿ. ಸಿರಿವಂತರ ಒಂದು ಹೊತ್ತಿನ ಉಪಾಹಾರಕ್ಕೆ ಸಾಲದ ಈ ಮೊತ್ತವೇ ಬಡವರ ಒಲೆಯನ್ನು ಎಷ್ಟೋ ದಿನ ಉರಿಸಬಲ್ಲುದು. 1876ರ ಬರಗಾಲದ ಮೈಸೂರನ್ನು ನೆನೆದವರು ಸರ್ಕಾರದ ಇಂಥ ವೆಚ್ಚವನ್ನು ಸುಮ್ಮನೆ ದುಂದೆಂದು ಜರೆಯಲಾರರು. 2020ರ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ, ಕೋವಿಡ್ ನಿರ್ಬಂಧದ ಕಾಲದಲ್ಲಿ, ದೇಶದ ಮನೆಗಳ ಅನುಭೋಗವು ಹಿಂದಿನ ವರ್ಷಕ್ಕಿಂತ ಸುಮಾರು ಕಾಲುಭಾಗ ಕುಸಿದಾಗ ಸರ್ಕಾರದ ಅನುಭೋಗ ವೆಚ್ಚವು ಹೆಚ್ಚಿತೆಂಬುದನ್ನೂ ಗಮನಿಸಬೇಕು.

ಆದರೆ ಆ ವೆಚ್ಚಕ್ಕೆ ಹಣ ಎಲ್ಲಿಂದ ಬಂದಿತು? ವರ್ತಕನ ಮೊದಲ ಪ್ರಶ್ನೆ ಇದು; ರಾಷ್ಟ್ರೀಯ ಲೆಕ್ಕದ ಅನುಭೋಗದ ಪುಟವು ಉತ್ತರಿಸದ ಪ್ರಶ್ನೆಯೂ ಇದೇ. ನಂದಗುಡಿಯ ಸುತ್ತಣ ನೆಲದಲ್ಲಿ ಅದು ಬಹಳ ಹತ್ತಿರದ ಮಾತಾಗಿದೆ. 2006-07ರ ಸುಮಾರಿಗೆ ಇಲ್ಲಿ ದೊಡ್ಡ ವಿಶೇಷ ಆರ್ಥಿಕ ವಲಯವೊಂದರ ಪ್ರಸ್ತಾಪ ಬಂದು, ರೈತರ ಪ್ರಬಲ ವಿರೋಧವನ್ನು ಎದುರಿಸಿ, ಕಾರ್ಯಗತವಾಗದೆ ಹೋಯಿತು. ಬೆಂಗಳೂರು ಬೆಳೆದು ಹೊಸಕೋಟೆಯನ್ನು ಮುಟ್ಟಿತು. ಚೆನ್ನೈಗೆ ಹೋಗುವ ಎಕ್ಸ್‌ಪ್ರೆಸ್ ಹೆದ್ದಾರಿಯು ಹೊಸಕೋಟೆಯ ಬಳಿಯೇ ಆರಂಭವಾಗುತ್ತದೆ. ಇಂಥ ಸೀಮೆಯಲ್ಲಿ ಜಮೀನು ಮಾರಿದ ಅಥವಾ ಪರಿಹಾರ ಪಡೆದ ಮನೆಗೆ ಒಮ್ಮೆಗೇ ಬರುವ ಹಣವು ಆದಾಯವಲ್ಲ. ಲೆಕ್ಕಶಾಸ್ತ್ರದಲ್ಲಿ ಅದು ಆಸ್ತಿಯೊಂದು ರೂಪ ಬದಲಿಸಿದ್ದು ಮಾತ್ರ. ಅದರಿಂದ ಮನೆ ಕಟ್ಟಿಸಿದರೆ ಅದು ಬಂಡವಾಳವೆನಿಸುತ್ತದೆ. ಚಿನ್ನ ಕೊಂಡರೆ ‘ಬೆಲೆಬಾಳುವ ವಸ್ತು’ಗಳೆಂಬ ಬೇರೆ ಶೀರ್ಷಿಕೆಯುಂಟು. ಕಾರು ಕೊಂಡರೆ, ಮದುವೆಯನ್ನು ವೈಭವದಿಂದ ಮಾಡಿದರೆ ಅದು ಅನುಭೋಗ. ಆ ವರ್ಷ ಆ ಮನೆಯ ಅನುಭೋಗದ ಅಂಕಿ ಗಗನಕ್ಕೇರುತ್ತದೆ. ದೇಶದ ಬೇಡಿಕೆ ಚೇತರಿಸಿತೆಂದು ಪತ್ರಿಕೆಗಳು ಬರೆಯುತ್ತವೆ. ರಾಗಿ ಬೆಳೆಯುತ್ತಿದ್ದ ನೆಲವು ಆ ಮನೆಗೆ ಮತ್ತೆ ಸಿಕ್ಕುವುದಿಲ್ಲವೆಂಬುದು ಆ ಪುಟದಲ್ಲಿ ಎಲ್ಲಿಯೂ ಇಲ್ಲ. ದತ್ತಿ ಬಿಟ್ಟ ನೆಲವನ್ನು ಮುಟ್ಟದೆ ಫಲವನ್ನಷ್ಟೇ ಬಳಸಿರೆಂದ ಶಾಸನಗಳ ಎಚ್ಚರ ಇಲ್ಲಿ ಸಡಿಲವಾಗಿದೆ.

ಮನೆಯ ಮಾತೇ ಸರ್ಕಾರಕ್ಕೂ ಅನ್ವಯಿಸುತ್ತದೆ. ಕರ್ನಾಟಕವು 2002ರಲ್ಲಿಯೇ ವಿತ್ತೀಯ ಹೊಣೆಗಾರಿಕೆಯ ಅಧಿನಿಯಮವನ್ನು ಮಾಡಿ ಇತರ ರಾಜ್ಯಗಳಿಗೆ ದಾರಿ ತೋರಿತು. 2004-05ರಿಂದ ಕೋವಿಡ್ ಬರುವವರೆಗೂ ದಿನದ ವೆಚ್ಚವನ್ನು ರಾಜಸ್ವದಿಂದಲೇ ತೂಗಿಸಿ ರಾಜಸ್ವದ ಉಳಿತಾಯವನ್ನು ಕಾಪಾಡಿಕೊಂಡಿತು. ಆ ಶಿಸ್ತು 2020-21ರಲ್ಲಿ ಮುರಿಯಿತು. 2023-24ರ ಆಯವ್ಯಯದಿಂದ ಮುಂದೆಯೂ ರಾಜಸ್ವ ಕೊರತೆಯನ್ನು ತೋರಿಸಲಾಯಿತು. ಎಂದರೆ ದಿನದ ವೆಚ್ಚದ ಒಂದಂಶಕ್ಕೆ ಸಾಲವೇ ಆಧಾರವಾಯಿತು. ಬರದಲ್ಲಿ, ರೋಗದಲ್ಲಿ ಸಾಲ ಮಾಡಿ ಜನರನ್ನು ಉಳಿಸುವುದು ಒಂದು. ಒಳ್ಳೆಯ ವರ್ಷಗಳಲ್ಲಿಯೂ ಅದನ್ನೇ ಮುಂದುವರಿಸುವುದು ಇನ್ನೊಂದು. ರಂಗಾಚಾರ್ಲು ಅವರು 80 ಲಕ್ಷದ ಬರಗಾಲದ ಸಾಲವನ್ನು ಹೊತ್ತುಕೊಂಡೇ ಮಿತವ್ಯಯದಿಂದ ಆಡಳಿತವನ್ನು ನಡೆಸಿದರೆಂಬುದನ್ನು ಈ ಸಂದರ್ಭದಲ್ಲಿ ಸ್ಮರಿಸಬಹುದು. ಇತ್ತ ದೇಶದ ಮನೆಗಳ ನಿವ್ವಳ ಹಣಕಾಸಿನ ಉಳಿತಾಯವೂ 2022-23ರಲ್ಲಿ ಒಟ್ಟು ಉತ್ಪನ್ನದ ನೂರಕ್ಕೆ 5ರ ಆಸುಪಾಸಿಗೆ ಇಳಿದು, ಹಲವು ದಶಕಗಳಲ್ಲಿಯೇ ಕನಿಷ್ಠವೆನಿಸಿತು. ಬ್ಯಾಂಕಿನಲ್ಲಿ ಇಟ್ಟದ್ದು ಕಡಿಮೆಯಾದದ್ದಕ್ಕಿಂತ ಪಡೆದ ಸಾಲ ಹೆಚ್ಚಾದದ್ದೇ ಇದರ ಮುಖ್ಯ ಕಾರಣ.

ಅನುಭೋಗದ ಸಮೀಕ್ಷಕನು ನಂದಗುಡಿಯ ಮನೆಯೊಂದಕ್ಕೆ ಬಂದರೆ ಎಷ್ಟು ಹಾಲು ಕೊಂಡಿರಿ, ಕಳೆದ ವರ್ಷ ಯಾವ ವಾಹನ ಕೊಂಡಿರಿ ಎಂದು ವಸ್ತುವಾರು ಕೇಳಿ ಬರೆದುಕೊಳ್ಳುತ್ತಾನೆ. ಆ ಒಂದೊಂದು ವಸ್ತುವನ್ನು ಹಾಲು ಮಾರಿದ ಹಣದಿಂದ ಕೊಂಡರೋ, ಸಾಲದಿಂದ ಕೊಂಡರೋ, ಹೊಲ ಮಾರಿ ಕೊಂಡರೋ ಎಂದು ಅವನ ಪಟ್ಟಿ ಕೇಳುವುದಿಲ್ಲ. ಸಾಲ ಮತ್ತು ಆಸ್ತಿಯ ಸಮೀಕ್ಷೆ ಬೇರೆ ಇದೆ. 2019ರಲ್ಲಿ ಅಂಥದೊಂದು ನಡೆಯಿತು. ಆದರೆ ಅದು ನಡೆಯುವ ವರ್ಷವೂ ಬೇರೆ, ಅದು ಹೋಗುವ ಮನೆಗಳೂ ಬೇರೆ.